ಹೈಡ್ರೋಫಾಯಿಲ್ ರೆಕ್ಕೆ: ಎಲ್ಲಿ ಉಜ್ಜಬೇಕು, ಎಷ್ಟು ಉಜ್ಜಬೇಕು, ಎಲ್ಲಿ ಕೈ ತಡೆಯಬೇಕು

ಹೈಡ್ರೋಫಾಯಿಲ್ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ರೆಕ್ಕೆಯನ್ನು ಮುಖ ಕಾಣುವ ಹಾಗೆ ಪಾಲಿಶ್ ಮಾಡಬೇಕೋ, ಇಲ್ಲ ವಾಟರ್ ಪೇಪರಿನಲ್ಲಿ, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದದಲ್ಲಿ, ಉಜ್ಜಿ ಮಂಕಾಗಿಯೇ ಬಿಡಬೇಕೋ? ಒಬ್ಬರು ಮೇಣ ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಮೇಣ ಹಚ್ಚಿದರೆ ಕೆಟ್ಟಿತು ಅನ್ನುತ್ತಾರೆ. ಇಬ್ಬರೂ ಅಷ್ಟೇ ಖಚಿತವಾಗಿ ಹೇಳುವುದರಿಂದ ಕೇಳಿದವರು ಗೊಂದಲಕ್ಕೆ ಬೀಳುತ್ತಾರೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳಪಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ರೆಕ್ಕೆಯ ಮುಂದಿನ ಕಾಲು ಭಾಗದಲ್ಲಿ ಕಚ್ಚು, ಗುಳ್ಳೆ, ಮೆಟ್ಟಿಲು ಇರಬಾರದು. ಮೈಯ ಬಾಗು ಎಲ್ಲಿಯೂ ಏರುಪೇರಾಗಿರಬಾರದು. ಗೀರುಗಳು ಪಿ600 ನಂಬರಿನ ವಾಟರ್ ಪೇಪರ್ ಬಿಡುವ ಗೀರಿಗಿಂತ ಆಳವಾಗಿರಬಾರದು (ನಂಬರ್ ಹೆಚ್ಚಿದಷ್ಟೂ ಕಾಗದ ನಯ). ಇಷ್ಟಾದರೆ ಹೆಚ್ಚಿನವರ ಕೆಲಸ ಮುಗಿಯಿತು. ಅದರಾಚೆಗಿನ ಪಾಲಿಶ್ ಕಣ್ಣಿಗೆ ಹಬ್ಬ, ಅಷ್ಟೆ.

ಹೊಸಬರಿಗಾಗಿ ಒಂದು ಮಾತು: ಹೈಡ್ರೋಫಾಯಿಲ್ ಎಂದರೆ ಹಲಗೆಯ ಅಥವಾ ದೋಣಿಯ ಕೆಳಗೆ ನೀರಿನೊಳಗೆ ಇರುವ ರೆಕ್ಕೆ. ವೇಗ ಹೆಚ್ಚಿದಂತೆ ಅದು ಮೇಲಿನದನ್ನೆಲ್ಲ ನೀರಿನಿಂದ ಎತ್ತಿ ಹಿಡಿಯುತ್ತದೆ. ನೀರನ್ನು ಮೊದಲು ಸೀಳುವ ಬದಿಗೆ ಇಲ್ಲಿ ಮುಂದಿನ ಅಂಚು ಎನ್ನುತ್ತೇನೆ, ನೀರು ಬಿಟ್ಟುಹೋಗುವ ಬದಿಗೆ ಹಿಂದಿನ ಅಂಚು. ಇವೆರಡರ ನಡುವಿನ ಅಗಲಕ್ಕೆ ಕಾರ್ಡ್ ಎನ್ನುವುದು ವಾಡಿಕೆ. ರೆಕ್ಕೆಯನ್ನು ಹಲಗೆಗೆ ಸೇರಿಸುವ ಕಂಬ ಮಾಸ್ಟ್. ಮುಂದಿನ ದೊಡ್ಡ ರೆಕ್ಕೆಯನ್ನೂ ಹಿಂದಿನ ಪುಟ್ಟ ರೆಕ್ಕೆಯನ್ನೂ ಕೂಡಿಸುವ ಉದ್ದನೆಯ ತುಂಡು ಫ್ಯೂಸಲಾಜ್.

ನೀರಿಗೆ ಯಾವುದು ತಾಗುತ್ತದೆ, ಯಾವುದು ತಾಗುವುದಿಲ್ಲ

ರೆಕ್ಕೆಗೆ ಅಂಟಿಕೊಂಡ ನೀರಿನ ಕಣ ರೆಕ್ಕೆಯ ಜೊತೆಗೇ ಚಲಿಸುತ್ತದೆ. ಸ್ವಲ್ಪ ದೂರದ ನೀರು ಪೂರ್ತಿ ವೇಗದಲ್ಲಿ ಹರಿದುಹೋಗುತ್ತಿರುತ್ತದೆ. ಇವೆರಡರ ನಡುವಿನ ತೆಳು ಪದರದ ಹೆಸರು ಗಡಿಪದರ. ಮೈಯ ನುಣುಪಿನ ಕಥೆಯೆಲ್ಲ ನಡೆಯುವುದು ಈ ಪದರದಲ್ಲೇ. ಎಷ್ಟು ತೆಳುವೆಂದರೆ, ಸೆಕೆಂಡಿಗೆ 8 ಮೀಟರ್, ಅಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್ ವೇಗದಲ್ಲಿ, ಮುಂದಿನ ಅಂಚಿನಿಂದ 1 ಸೆಂಟಿಮೀಟರ್ ಹಿಂದೆ ಅದರ ದಪ್ಪ 0.2 ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಈ ಪದರ ಎರಡು ಬಗೆಯಲ್ಲಿ ಹರಿಯಬಲ್ಲದು. ಒಂದರ ಮೇಲೊಂದು ಹಾಳೆಯಂತೆ ಅಚ್ಚುಕಟ್ಟಾಗಿ ಜಾರಿಹೋದರೆ ಅದು ಲ್ಯಾಮಿನಾರ್ ಹರಿವು. ಒಳಗೊಳಗೇ ಸುಳಿಗಳೆದ್ದು ಕಲಸಿಹೋದರೆ ಟರ್ಬುಲೆಂಟ್ ಹರಿವು. ಎರಡರ ನಡುವಿನ ಅಂತರ ಸಣ್ಣದಲ್ಲ. 12 ಸೆಂಟಿಮೀಟರ್ ಅಗಲ, 1 ಮೀಟರ್ ಉದ್ದದ ಒಂದು ರೆಕ್ಕೆ ತೆಗೆದುಕೊಳ್ಳಿ. ಅದೇ 8 ಮೀಟರ್ ವೇಗ, 20 ಡಿಗ್ರಿ ಸೆಲ್ಸಿಯಸ್ ನೀರು. ಅದನ್ನು ಚಪ್ಪಟೆ ತಗಡು ಎಂದುಕೊಂಡು ಲೆಕ್ಕ ಹಾಕಿದರೆ, ಎರಡೂ ಮುಖಗಳಲ್ಲಿ ಪೂರ್ತಿ ಲ್ಯಾಮಿನಾರ್ ಹರಿವಿದ್ದಾಗ ಘರ್ಷಣೆಯ ಎಳೆತ (ರೆಕ್ಕೆಯನ್ನು ಹಿಂದಕ್ಕೆ ಎಳೆಯುವ ಬಲ) ಸುಮಾರು 10 ನ್ಯೂಟನ್, ಅಂದರೆ 1 ಕಿಲೋ ತೂಕದಷ್ಟು. ಪೂರ್ತಿ ಟರ್ಬುಲೆಂಟ್ ಆದರೆ ಸುಮಾರು 36 ನ್ಯೂಟನ್. ನಿಜವಾದ ರೆಕ್ಕೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಮುಂದಿನ ಅಂಚಿನಲ್ಲಿ ಲ್ಯಾಮಿನಾರ್ ಆಗಿ ಶುರುವಾಗಿ, ಹಿಂದೆ ಎಲ್ಲೋ ಒಂದು ಕಡೆ ಕಲಸಿಕೊಳ್ಳುತ್ತದೆ. ಆ ಜಾಗವನ್ನು ಆದಷ್ಟು ಹಿಂದಕ್ಕೆ ತಳ್ಳುವುದು ನಮ್ಮ ಕೆಲಸ.

ಈಗ ಎರಡು ಬೇರೆ ಬೇರೆ ತೊಂದರೆಗಳನ್ನು ಬಿಡಿಸಿ ನೋಡಬೇಕು. ಜನ ಎಡವುವುದು ಇವೆರಡನ್ನೂ ಒಂದೇ ಎಂದುಕೊಂಡಾಗ.

ಮೊದಲನೆಯದು ಒಂಟಿ ಉಬ್ಬು. ಮುಂದಿನ ಅಂಚಿನ ಹತ್ತಿರ ಒಣಗಿದ ಅಂಟಿನ ಹನಿ, ಬಣ್ಣದೊಳಗೆ ಸಿಕ್ಕಿಕೊಂಡ ಧೂಳಿನ ಕಣ, ಸ್ಟಿಕ್ಕರಿನ ಅಂಚು. ಮೇಲೆ ಹೇಳಿದ ವೇಗದಲ್ಲಿ, ಮುಂದಿನ ಅಂಚಿನಿಂದ 1 ಸೆಂಟಿಮೀಟರ್ ಹಿಂದೆ 0.1 ಮಿಲಿಮೀಟರ್ ಎತ್ತರದ ಒಂದು ಉಬ್ಬಿದ್ದರೆ ಸಾಕು, ಹರಿವು ಅಲ್ಲೇ ಕದಡುತ್ತದೆ. ಅದರ ಹಿಂದೆ ಬೆಣೆಯಾಕಾರದಲ್ಲಿ ಅಗಲವಾಗುತ್ತಾ ಹೋಗುವ ಜಾಗವೆಲ್ಲ ಟರ್ಬುಲೆಂಟ್. ಅದೇ ಉಬ್ಬು ಹಿಂದಿನ ಅಂಚಿನ ಹತ್ತಿರ ಇದ್ದಿದ್ದರೆ ಕೇಳುವವರೇ ಇರುತ್ತಿರಲಿಲ್ಲ. ಅಲ್ಲಿ ಹರಿವು ಆಗಲೇ ಕದಡಿರುತ್ತದೆ, ಗಡಿಪದರವೂ ದಪ್ಪಗಾಗಿರುತ್ತದೆ.

ಎರಡನೆಯದು ಮೈತುಂಬ ಹರಡಿದ ಒರಟು. ಉಜ್ಜಿದ ಗೀರುಗಳು ಈ ಜಾತಿಗೆ ಸೇರಿದವು. ಟರ್ಬುಲೆಂಟ್ ಹರಿವಿನಲ್ಲೂ ಮೈಗೆ ತೀರಾ ಹತ್ತಿರ ಶಾಂತವಾದ ಒಂದು ಅತಿ ತೆಳು ಪದರ ಇರುತ್ತದೆ. ಗೀರುಗಳು ಅದರೊಳಗೆ ಮುಳುಗಿದ್ದರೆ ನೀರಿನ ಪಾಲಿಗೆ ಆ ಮೈ ಗಾಜಿನಷ್ಟೇ ನುಣುಪು. ಎಷ್ಟರವರೆಗೆ ಮುಳುಗಿರುತ್ತವೆ ಎಂಬುದಕ್ಕೆ ಸರಳ ಲೆಕ್ಕವಿದೆ: ನೀರಿನ ಚಲನ ಸ್ನಿಗ್ಧತೆಯನ್ನು, ಅಂದರೆ ಹರಿಯುವಾಗ ನೀರು ತೋರುವ ಅಂಟುತನದ ಅಳತೆಯನ್ನು, ವೇಗದಿಂದ ಭಾಗಿಸಿ 100ರಿಂದ ಗುಣಿಸಿ. 20 ಡಿಗ್ರಿ ನೀರಿಗೆ ಇದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ 20 ಮೈಕ್ರಾನ್, 8 ಮೀಟರ್ ವೇಗದಲ್ಲಿ 12.5 ಮೈಕ್ರಾನ್, 12 ಮೀಟರ್ ವೇಗದಲ್ಲಿ ಸುಮಾರು 8 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನೀರು ಬೆಚ್ಚಗಾದಂತೆ ಈ ಮಿತಿ ಬಿಗಿಯಾಗುತ್ತದೆ: 8 ಮೀಟರ್ ವೇಗಕ್ಕೆ 30 ಡಿಗ್ರಿಯಲ್ಲಿ ಸುಮಾರು 10, 10 ಡಿಗ್ರಿಯಲ್ಲಿ ಸುಮಾರು 16 ಮೈಕ್ರಾನ್.

ಇದನ್ನು ಕಾಗದದ ನಂಬರಿಗೆ ಹೊಂದಿಸಿ ನೋಡಿ. ಪಿ400 ಕಾಗದದ ಹರಳಿನ ಸರಾಸರಿ ಗಾತ್ರ 35 ಮೈಕ್ರಾನ್, ಪಿ600ರದು ಸುಮಾರು 26, ಪಿ1000ದ್ದು 18. ಆದರೆ ಹರಳು ತನ್ನ ಪೂರ್ತಿ ಗಾತ್ರದಷ್ಟು ಆಳಕ್ಕೆ ಇಳಿಯುವುದಿಲ್ಲ. ಎಪಾಕ್ಸಿ ಎಂಬ ಗಟ್ಟಿಯಾದ ಅಂಟುರಾಳದ ಮೇಲೆ ಬೀಳುವ ಗೀರು ಅದರ ಸಣ್ಣ ಪಾಲು ಮಾತ್ರ. ಹಾಗಾಗಿ ಪಿ600ರಲ್ಲಿ ನೀಟಾಗಿ ಉಜ್ಜಿದ ಮೈ ಸಾಮಾನ್ಯ ವೇಗಗಳಿಗೆ ಮಿತಿಯೊಳಗೇ ಬರುತ್ತದೆ. ಹೊಳಪು ಬೇಡ ಎನ್ನುವುದು ಇದೇ ಲೆಕ್ಕದಿಂದ.

ಮುಂದಿನ ಅಂಚಿನ ಮಹತ್ವಕ್ಕೆ ಹಳೆಯ ಪುರಾವೆಯೂ ಇದೆ. ಇಂದಿನ ನಾಸಾದ ಪೂರ್ವಜ ಸಂಸ್ಥೆ ನಾಕಾ ತನ್ನ ಗಾಳಿ ಸುರಂಗಗಳಲ್ಲಿ ರೆಕ್ಕೆಯ ಮಾದರಿಗಳನ್ನು ಪರೀಕ್ಷಿಸುವಾಗ, 61 ಸೆಂಟಿಮೀಟರ್ ಕಾರ್ಡಿನ ಮಾದರಿಯ ಮುಂದಿನ ನೂರಕ್ಕೆ 8 ಭಾಗಕ್ಕೆ ಮಾತ್ರ 0.28 ಮಿಲಿಮೀಟರಿನ ಕಾರ್ಬೊರಂಡಮ್ ಹರಳುಗಳನ್ನು ಅಂಟಿಸುತ್ತಿದ್ದರು. ಅದೂ ಒತ್ತಾಗಿ ಅಲ್ಲ, ಚದುರಿಸಿದ ಹಾಗೆ. ಹಿಂದಿನ ನೂರಕ್ಕೆ 92 ಭಾಗ ನುಣುಪಾಗಿಯೇ ಇರುತ್ತಿತ್ತು. ಆದರೂ ಲ್ಯಾಮಿನಾರ್ ಹರಿವಿಗೆಂದು ರೂಪಿಸಿದ ರೆಕ್ಕೆಗಳಲ್ಲಿ ಕನಿಷ್ಠ ಎಳೆತ ಸರಿಸುಮಾರು ಇಮ್ಮಡಿಯಾಗುತ್ತಿತ್ತು, ಗರಿಷ್ಠ ಎತ್ತುವ ಬಲವೂ ಕುಸಿಯುತ್ತಿತ್ತು.

ಈ ಎರಡನೆಯ ಪರಿಣಾಮವನ್ನು ಮರೆಯುವವರೇ ಹೆಚ್ಚು. ಮೈಯ ಒರಟು ಹೆಚ್ಚಾಗಿ ಕಾಡುವುದು ಗರಿಷ್ಠ ವೇಗದಲ್ಲಿ ಮತ್ತು ಮುಂದಕ್ಕೆ ಒಯ್ಯುವ ಬಲವಿಲ್ಲದೆ ತೇಲಿಹೋಗುವಾಗ. ಮುಂದಿನ ಅಂಚಿನ ಕಚ್ಚು ಕಾಡುವುದು ನಿಧಾನದಲ್ಲಿ, ಅಂದರೆ ಹಲಗೆ ನೀರು ಬಿಟ್ಟು ಏಳುವಾಗ ಮತ್ತು ಬಿಗಿಯಾಗಿ ತಿರುಗುವಾಗ. ಏಳಲು ಮುಂಚಿಗಿಂತ ಹೆಚ್ಚು ವೇಗ ಬೇಕಾಗುತ್ತಿದೆ ಎಂದರೆ ಮೊದಲು ಬೆರಳಿಡಬೇಕಾದ್ದು ಮುಂದಿನ ಅಂಚಿನ ಮೇಲೆ.

ಏನೇನು ಬೇಕು

ಪಿ120, ಪಿ240, ಪಿ400, ಪಿ600 ವಾಟರ್ ಪೇಪರ್. ಬೇಕೆನಿಸಿದರೆ ಪಿ1000. ಕೊಳ್ಳುವಾಗ ನಂಬರಿನ ಹಿಂದೆ ‘ಪಿ’ ಅಕ್ಷರ ಇದೆಯೇ ನೋಡಿ. ಅದು ಯುರೋಪಿನ ಅಳತೆ. ಪಿ ಇಲ್ಲದ ಅಮೆರಿಕನ್ ಅಳತೆಯ 600 ಇನ್ನೂ ನಯ, ಪಿ1200ರ ಆಸುಪಾಸಿನದು. ಎರಡನ್ನೂ ಬೆರೆಸಿ ಬಳಸಿದರೆ ಲೆಕ್ಕ ತಪ್ಪುತ್ತದೆ. ಇದರ ಜೊತೆಗೆ ಎಪಾಕ್ಸಿ, ಅದಕ್ಕೆ ಬೆರೆಸುವ ಸಿಲಿಕಾ ಪುಡಿ, ಐಸೊಪ್ರೊಪೈಲ್ ಆಲ್ಕೋಹಾಲ್, ಮಾಸ್ಕಿಂಗ್ ಟೇಪ್, ಪಾರದರ್ಶಕ ಪ್ಯಾಕಿಂಗ್ ಟೇಪ್, ಮಣಿಯುವ ಒಂದು ಅಕ್ರಿಲಿಕ್ ಪಟ್ಟಿ, ಒಂದು ಗಟ್ಟಿ ರಬ್ಬರ್ ಬ್ಲಾಕ್, ಟಾರ್ಚ್, ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್, ಕೈಗವಸು.

ಮಾಸ್ಕ್ ಬಗ್ಗೆ ಉದಾಸೀನ ಬೇಡ. ಕಾರ್ಬನ್ ಮತ್ತು ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಚರ್ಮಕ್ಕೆ ಹತ್ತಿದರೆ ತುರಿಕೆ. ಆದಷ್ಟು ನೀರು ಹಾಕಿಯೇ ಉಜ್ಜಿ. ಇನ್ನೊಂದು ವಿಷಯ: ರೆಕ್ಕೆ ಇನ್ನೂ ವಾರಂಟಿಯಲ್ಲಿದ್ದರೆ ಉಜ್ಜುವ ಮೊದಲು ಷರತ್ತು ಓದಿ. ಸ್ಪರ್ಧೆಗೆ ಇಳಿಯುವವರು ತಮ್ಮ ವರ್ಗದ ನಿಯಮದಲ್ಲಿ ಇದಕ್ಕೆ ಅವಕಾಶ ಇದೆಯೇ ಎಂದು ನೋಡಿಕೊಳ್ಳಿ.

ಹಂತ 1: ತೊಳೆದು, ಕತ್ತಲಲ್ಲಿ ನೋಡಿ

ರೆಕ್ಕೆಯನ್ನು ಬಿಚ್ಚಿ, ಸಿಹಿನೀರಿನಲ್ಲಿ ಸಾಬೂನು ಹಾಕಿ ತೊಳೆದು ಒರೆಸಿ. ಎಷ್ಟೋ ಸಲ ‘ಒರಟು’ ಎಂದುಕೊಂಡದ್ದು ಒಣಗಿದ ಉಪ್ಪು, ಪಾಚಿಯ ಪೊರೆ, ಸನ್‌ಸ್ಕ್ರೀನಿನ ಜಿಡ್ಡು ಆಗಿರುತ್ತದೆ. ತೊಳೆದರೆ ಕೆಲಸ ಅಲ್ಲಿಗೇ ಮುಗಿಯಬಹುದು.

ಆಮೇಲೆ ಕೋಣೆಯ ದೀಪ ಆರಿಸಿ. ಟಾರ್ಚನ್ನು ರೆಕ್ಕೆಯ ಮೈಗೆ ಬಹುತೇಕ ತಾಗಿಸಿ, ಬೆಳಕು ಮೈಯುದ್ದಕ್ಕೂ ಸವರಿಕೊಂಡು ಹೋಗುವಂತೆ ಹಿಡಿಯಿರಿ. ಮೇಲಿನಿಂದ ನೋಡಿದಾಗ ಕಾಣದ ಸ್ಟಿಕ್ಕರಿನ ಅಂಚು, ಅಚ್ಚಿನ ಎರಡು ಹೋಳು ಕೂಡಿದ ಗೆರೆ, ಒಳಗಿನ ಬಟ್ಟೆಯ ನೇಯ್ಗೆ ಮೇಲೆದ್ದ ಗುರುತು, ಎಲ್ಲಕ್ಕೂ ಒಂದೊಂದು ನೆರಳು ಬೀಳುತ್ತದೆ. ಅಚ್ಚಿನ ಗೆರೆ ಸಾಮಾನ್ಯವಾಗಿ ಸರಿಯಾಗಿ ಮುಂದಿನ ಅಂಚಿನ ಮೂಗಿನ ಮೇಲೇ ಇರುತ್ತದೆ, ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಕಂಡದ್ದಕ್ಕೆಲ್ಲ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಗುರುತು ಮಾಡಿ.

ಕೊನೆಗೆ ಬೆರಳಿನ ಉಗುರನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಉಗುರಿಗೆ ತಡೆಯಿತು ಎಂದರೆ ಮುಂದಿನ ಕಾಲು ಭಾಗದಲ್ಲಿ ಅದನ್ನು ಸರಿಮಾಡಲೇಬೇಕು. ಹಿಂದಿನ ಅರ್ಧದಲ್ಲಾದರೆ ನಿಮ್ಮ ತಾಳ್ಮೆಗೆ ಬಿಟ್ಟದ್ದು.

ಹಂತ 2: ರೆಕ್ಕೆ ಯಾವುದರದು ಎಂದು ತಿಳಿಯಿರಿ

ಕಾರ್ಬನ್ ರೆಕ್ಕೆಯ ಮೇಲೆ ಬಣ್ಣವೋ ಸ್ಪಷ್ಟ ವಾರ್ನಿಷ್ಷೋ ಇದ್ದರೆ ನೀವು ಉಜ್ಜಬೇಕಾದ್ದು ಅದನ್ನು ಮಾತ್ರ. ಉಜ್ಜುವಾಗ ಹರಿಯುವ ನೀರಿನ ಬಣ್ಣದ ಮೇಲೆ ಕಣ್ಣಿರಲಿ. ವಾರ್ನಿಷ್ ಇದ್ದಷ್ಟು ಹೊತ್ತು ನೀರು ಹಾಲಿನಂತೆ ಬೆಳ್ಳಗಿರುತ್ತದೆ. ಬೂದಿ ಬಣ್ಣಕ್ಕೆ ತಿರುಗಿ ಕಪ್ಪಾಗತೊಡಗಿತು ಎಂದರೆ ನಾರನ್ನು ಮುಟ್ಟಿದ್ದೀರಿ, ಕೂಡಲೇ ನಿಲ್ಲಿಸಿ. ನಾರು ಕಡಿದರೆ ಬಲ ಹೋಗುತ್ತದೆ, ನೀರೂ ಒಳಗೆ ಇಳಿಯುತ್ತದೆ.

ಅಲ್ಯೂಮಿನಿಯಂ ಭಾಗಗಳನ್ನು ಉಜ್ಜಲೇಬೇಡಿ. ಅವುಗಳ ಮೇಲಿನ ಆನೊಡೈಸ್ ಲೇಪ ಹೆಚ್ಚೆಂದರೆ ಕೆಲವು ಹತ್ತು ಮೈಕ್ರಾನಿನದು. ಅದು ಹೋದರೆ ಉಪ್ಪುನೀರು ಲೋಹವನ್ನು ತಿನ್ನತೊಡಗುತ್ತದೆ. ಕಾರ್ಬನ್ನಿಗೆ ತಾಗಿಕೊಂಡಿದ್ದರಂತೂ ಇನ್ನೂ ಬೇಗ. ಮಾಸ್ಟಿನ ಮೇಲೆ ಕಚ್ಚು ಬಿದ್ದಿದ್ದರೆ ತುಂಬಿ ಸಮ ಮಾಡಿ, ಸುತ್ತಲಿನ ಲೇಪ ಕೆದಕಬೇಡಿ.

ಹಂತ 3: ಮುಂದಿನ ಅಂಚಿನ ಕಚ್ಚು ತುಂಬಿ

ಇಡೀ ಕೆಲಸದಲ್ಲಿ ನಿಮ್ಮ ಅರ್ಧ ಸಮಯ ಇಲ್ಲಿಗೇ ಹೋಗಲಿ.

ಕಚ್ಚಿನ ಸುತ್ತ ಸಡಿಲವಾದದ್ದನ್ನೆಲ್ಲ ತೆಗೆದು, ಅದರ ಒಳಗೂ ಅಂಚಿಗೂ ಪಿ120ರಲ್ಲಿ ಒರಟು ಮಾಡಿ. ನಯವಾದ ಮೈಗೆ ಎಪಾಕ್ಸಿ ಹಿಡಿಯುವುದಿಲ್ಲ. ನಾರು ಕಾಣುತ್ತಿದ್ದು ಒಳಗೆ ತೇವವಿದ್ದರೆ ಪೂರ್ತಿ ಒಣಗಲು ಬಿಡಿ. ಆಲ್ಕೋಹಾಲಿನಲ್ಲಿ ಒರೆಸಿ.

ಎಪಾಕ್ಸಿಯನ್ನು ಅಳತೆ ಪ್ರಕಾರ ಕಲಸಿ, ಮೊದಲು ಬರೀ ಎಪಾಕ್ಸಿಯನ್ನು ತೆಳ್ಳಗೆ ಸವರಿ. ಉಳಿದದ್ದಕ್ಕೆ ಸಿಲಿಕಾ ಪುಡಿ ಬೆರೆಸಿ, ಚಮಚ ಎತ್ತಿದರೆ ಸುರಿಯದೆ ನಿಲ್ಲುವಷ್ಟು ಗಟ್ಟಿ ಮಾಡಿ. ಇಲ್ಲಿ ಹಲವರು ಹಗುರವಾದ ಮೈಕ್ರೋಬಲೂನ್ ಪುಡಿ ಬೆರೆಸುತ್ತಾರೆ, ಏಕೆಂದರೆ ಉಜ್ಜಲು ಸುಲಭ. ಮುಂದಿನ ಅಂಚಿಗೆ ಅದು ಬೇಡ. ಪೊಳ್ಳು ಗುಂಡುಗಳ ಆ ಪುಟ್ಟಿ ಮೆತ್ತಗೆ, ಮೊದಲ ಕಲ್ಲಿಗೇ ಮತ್ತೆ ಕಚ್ಚು ಬೀಳುತ್ತದೆ.

ತುಂಬಿದ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಕೆಳಮುಖದಿಂದ ಶುರುಮಾಡಿ, ಮೂಗನ್ನು ಬಳಸಿ, ಮೇಲ್ಮುಖಕ್ಕೆ ಬಿಗಿಯಾಗಿ ಎಳೆದು ಅಂಟಿಸಿ. ಹೆಚ್ಚಾದ ಪುಟ್ಟಿ ಪಕ್ಕಕ್ಕೆ ಹಿಸುಕಿ ಬರುತ್ತದೆ, ಉಳಿದದ್ದು ರೆಕ್ಕೆಯ ಬಾಗಿಗೆ ಹತ್ತಿರದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಎಪಾಕ್ಸಿಗೆ ಟೇಪ್ ಹಿಡಿಯುವುದಿಲ್ಲ, ಮರುದಿನ ಸುಲಿದುಬರುತ್ತದೆ. ಟೇಪ್ ತಾಗದ ಕಡೆ ಜಿಡ್ಡಿನಂಥ ಪೊರೆ ಕಂಡರೆ ಮೊದಲು ನೀರಿನಲ್ಲಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಆ ಜಿಡ್ಡು ಕಾಗದವನ್ನು ಕಟ್ಟಿಹಾಕುತ್ತದೆ, ಮೇಲೆ ಹಚ್ಚುವ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ.

ಉಜ್ಜುವ ಮೊದಲು ತೇಪೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸುತ್ತಲಿನ ಒಳ್ಳೆಯ ಮೈಗೆ ಅದು ಕಾವಲು. ಪಿ240ರಲ್ಲಿ ಬ್ಲಾಕ್ ಹಿಡಿದು, ಮೂಗಿನ ಸುತ್ತ ಸುತ್ತಿಕೊಂಡು ಹೋಗುವಂತೆ ಉಜ್ಜಿ. ಟೇಪ್ ಸವೆಯತೊಡಗಿದಾಗ ಅದನ್ನು ಕಿತ್ತು ಪಿ400ಕ್ಕೆ ಬನ್ನಿ.

ಆಕಾರ ಸರಿಬಂದಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ರೆಕ್ಕೆಯ ಎಡ ಬಲ ಒಂದೇ ಅಚ್ಚು. ಕಚ್ಚು ಎಡಗಡೆ ನಡುಭಾಗದಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ, ಬಲಗಡೆ ಅಷ್ಟೇ ದೂರದಲ್ಲಿ ದಪ್ಪ ಕಾಗದದ ತುಂಡೊಂದನ್ನು ಮೂಗಿಗೆ ಸರಿಯಾಗಿ ಕೂರುವಂತೆ ಕತ್ತರಿಸಿಕೊಳ್ಳಿ. ಮೇಲ್ಮುಖ ಯಾವುದು ಎಂದು ಅದರ ಮೇಲೆ ಬರೆದಿಟ್ಟುಕೊಳ್ಳಿ, ಮೇಲೂ ಕೆಳಗೂ ಬಾಗು ಒಂದೇ ಇರುವುದಿಲ್ಲ. ಈಗ ಅದನ್ನು ಮೇಲ್ಮುಖ ಮೇಲೆಯೇ ಇರುವಂತೆ ತೇಪೆಯ ಮೇಲೆ ಕೂರಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ಸೋರುವ ಕಡೆ ತಗ್ಗು, ಕಾಗದ ತೂಗಾಡುವ ಕಡೆ ಉಬ್ಬು.

ಎಚ್ಚರಿಕೆ: ‘ಚೂಪಾದಷ್ಟೂ ಒಳ್ಳೆಯದು’ ಎಂದು ಮೂಗನ್ನು ಚೂಪು ಮಾಡುವವರಿದ್ದಾರೆ. ಮೂಗು ಚೂಪಾದರೆ ರೆಕ್ಕೆ ಸ್ವಲ್ಪ ಮೇಲೆತ್ತಿದರೂ ಹರಿವು ಮೈ ಬಿಟ್ಟು ಹೋಗುತ್ತದೆ. ತಯಾರಕರು ಕೊಟ್ಟ ದುಂಡನ್ನು ಹಾಗೇ ಉಳಿಸಿ.

ಹಂತ 4: ಏರುಪೇರು ಹುಡುಕಿ

ಕಾರ್ಖಾನೆಯಿಂದ ಬಂದ ರೆಕ್ಕೆ ಚೆನ್ನಾಗಿದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಮನೆಯಲ್ಲಿ ಮಾಡಿದ್ದೋ, ಮತ್ತೆ ಬಣ್ಣ ಬಳಿದದ್ದೋ ಆದರೆ ಬೇಕೇಬೇಕು. ಕೆಲವು ಸೆಂಟಿಮೀಟರ್ ಅಗಲದ ಅಲೆಯಂಥ ತಗ್ಗುದಿಣ್ಣೆ ಕೈಗೆ ನುಣುಪಾಗಿಯೇ ಸಿಗುತ್ತದೆ. ಆದರೆ ನೀರು ಪ್ರತಿ ದಿಣ್ಣೆಯ ಮೇಲೆ ವೇಗ ಪಡೆದು, ಇಳಿಯುವಾಗ ಕಳೆದುಕೊಳ್ಳುತ್ತದೆ. ಹಾಗೆ ನಿಧಾನವಾಗುವ ಜಾಗದಲ್ಲೇ ಲ್ಯಾಮಿನಾರ್ ಹರಿವು ಮುರಿಯುವುದು. ಅಲೆಯಿರುವ ಮೈಗೆ ಎಷ್ಟು ಪಾಲಿಶ್ ಹಾಕಿದರೂ ಅಲೆ ಅಲ್ಲೇ ಇರುತ್ತದೆ, ಇನ್ನಷ್ಟು ಚೆನ್ನಾಗಿ ಕಾಣುತ್ತದೆ ಅಷ್ಟೆ.

ಮೈಯ ಬಣ್ಣಕ್ಕೆ ವಿರುದ್ಧವಾದ ಸ್ಪ್ರೇ ಬಣ್ಣವನ್ನು ದೂರದಿಂದ ಮಂಜಿನ ಹಾಗೆ ತೆಳ್ಳಗೆ ಸಿಂಪಡಿಸಿ ಒಣಗಿಸಿ. ಪಿ400 ಕಾಗದವನ್ನು ಅಕ್ರಿಲಿಕ್ ಪಟ್ಟಿಗೆ ಅಂಟಿಸಿ, ಪಟ್ಟಿ ರೆಕ್ಕೆಯ ಬಾಗಿಗೆ ತಾನೇ ಮಣಿಯುವಂತೆ ಹಿಡಿದು, ಓರೆಯಾಗಿ ಎರಡೂ ದಿಕ್ಕಿಗೆ ಉಜ್ಜಿ. ಕೆಲವೇ ಎಳೆತಕ್ಕೆ ನಕ್ಷೆಯೊಂದು ಮೂಡುತ್ತದೆ: ಬಣ್ಣ ಹೋದ ಕಡೆ ದಿಣ್ಣೆ, ಉಳಿದ ಕಡೆ ತಗ್ಗು. ದಿಣ್ಣೆ ತಗ್ಗಿಸಿ. ತಗ್ಗು ಆಳವಿದ್ದರೆ ಪುಟ್ಟಿ ತುಂಬಿ. ತಗ್ಗಿನೊಳಗೆ ಬೆರಳು ತೂರಿಸಿ ಬಣ್ಣ ಕೆರೆಯುವುದು ಕೆಲಸವಲ್ಲ, ತಗ್ಗು ಇನ್ನೂ ಆಳವಾಗುತ್ತದೆ.

ಬರಿಗೈಯಲ್ಲಿ ಕಾಗದ ಹಿಡಿದು ಉಜ್ಜಬೇಡಿ ಎನ್ನುವುದೂ ಇದಕ್ಕೇ. ಬೆರಳಿನ ಒತ್ತಡ ಬಿದ್ದ ಕಡೆ ಕಾಲುವೆ ಬೀಳುತ್ತದೆ.

ಹಂತ 5: ಕೊನೆಯ ಉಜ್ಜು

ಬಕೆಟ್ಟಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಪಿ400ರಲ್ಲಿ ಇಡೀ ಮೈ ಒಂದೇ ಬಗೆಯ ಮಂಕು ಬರುವವರೆಗೆ ಓರೆಯಾಗಿ ಉಜ್ಜಿ. ರೆಕ್ಕೆ, ಬ್ಲಾಕ್, ಕೈ ಮೂರನ್ನೂ ತೊಳೆದು, ನೀರು ಬದಲಿಸಿ. ಪಿ400ರ ಒಂದು ಹರಳು ಉಳಿದರೂ ಪಿ600ರ ಮೈಮೇಲೆ ಉದ್ದುದ್ದ ಗೀರು ಎಳೆಯುತ್ತದೆ. ನಂತರ ಪಿ600, ಹಿಂದಿನ ಗೀರುಗಳು ಪೂರ್ತಿ ಮಾಯವಾಗುವವರೆಗೆ. ಕೊನೆಯ ಕೆಲವು ಎಳೆತ ನೀರು ಹರಿಯುವ ದಿಕ್ಕಿಗೇ ಇರಲಿ, ಮುಂದಿನ ಅಂಚಿನಿಂದ ಹಿಂದಕ್ಕೆ. ಉಳಿಯುವ ಗೀರು ಹರಿವಿಗೆ ಅಡ್ಡ ಬೀಳುವುದಕ್ಕಿಂತ ಉದ್ದಕ್ಕೆ ಇರುವುದು ಮೇಲು.

ಗಂಟೆಗೆ 40 ಕಿಲೋಮೀಟರ್ ದಾಟುವವರು, ಬೆಚ್ಚನೆಯ ನೀರಿನಲ್ಲಿ ಸವಾರಿ ಮಾಡುವವರು ಪಿ1000ದವರೆಗೆ ಹೋದರೆ ಅರ್ಥವಿದೆ. ಹಿಂದಿನ ಪುಟ್ಟ ರೆಕ್ಕೆಗೆ ಅಷ್ಟು ಬೇಡ. ಅದರ ಕಾರ್ಡ್ 5 ಸೆಂಟಿಮೀಟರ್, ವೇಗ ಸೆಕೆಂಡಿಗೆ 4 ಮೀಟರ್ ಎಂದರೆ ರೆನಾಲ್ಡ್ಸ್ ಸಂಖ್ಯೆ 2 ಲಕ್ಷ. ವೇಗ, ಅಗಲ, ನೀರಿನ ಅಂಟುತನ ಮೂರನ್ನೂ ಸೇರಿಸಿ ಹರಿವಿನ ಸ್ವಭಾವ ಹೇಳುವ ಅಂಕಿ ಅದು. ಇಷ್ಟು ಕಡಿಮೆಯಿದ್ದಾಗ ಲ್ಯಾಮಿನಾರ್ ಹರಿವು ಹಿಂಭಾಗದಲ್ಲಿ ಮೈ ಬಿಟ್ಟು ಏಳುವ ಸಂಭವ ಹೆಚ್ಚು, ಸ್ವಲ್ಪ ಕದಡಿದ ಹರಿವೇ ಮೈಗೆ ಅಂಟಿಕೊಂಡಿರುತ್ತದೆ. ನುಣುಪು ಹೆಚ್ಚಿದಷ್ಟೂ ಲಾಭ ಎಂಬ ನಿಯಮ ಕೈಕೊಡುವುದು ಇಲ್ಲಿ.

ಪಾಲಿಶ್ ಮಾಡಲೇಬೇಕೆಂಬ ಆಸೆಯಿದ್ದರೆ ಮಾಡಿ, ಆಕಾರ ಕೆಡದಿದ್ದರೆ ನಷ್ಟವಿಲ್ಲ. ಹೊಳೆಯುವ ಮೈಯಲ್ಲಿ ಹೊಸ ಕಚ್ಚು ಬೇಗ ಕಣ್ಣಿಗೆ ಬೀಳುತ್ತದೆ, ಕೊಳೆ ಬೇಗ ಬಿಡುತ್ತದೆ. ಮೇಣ ಮಾತ್ರ ಬೇಡ. ನೀರು ಮುತ್ತಿನಂತೆ ಉರುಳಿಹೋಗುವುದನ್ನು ನೋಡಿ ‘ಎಳೆತ ಕಡಿಮೆಯಾಯಿತು’ ಎನ್ನುತ್ತಾರೆ. ಹನಿ ಉರುಳುವುದು ಗಾಳಿಯಲ್ಲಿ. ಪೂರ್ತಿ ಮುಳುಗಿದ ರೆಕ್ಕೆಯ ಮೇಲೆ ಹನಿಯೇ ಇರುವುದಿಲ್ಲ. ಮೇಲಾಗಿ ನೀರನ್ನು ಒಲ್ಲದ ಮೈಗೆ ಗಾಳಿ ಅಂಟಿಕೊಳ್ಳುವುದು ಸುಲಭ. ರೆಕ್ಕೆಯ ತುದಿ ನೀರಿನಿಂದ ಹೊರಬಂದು ಮತ್ತೆ ಮುಳುಗುವಾಗ ಗಾಳಿಯನ್ನು ಜೊತೆಗೇ ಎಳೆದುಕೊಂಡು ಹೋದರೆ ಎತ್ತುವ ಬಲ ಒಮ್ಮೆಲೇ ಬಿದ್ದುಹೋಗುತ್ತದೆ. ಇದಕ್ಕೆ ವೆಂಟಿಲೇಶನ್ ಎನ್ನುತ್ತಾರೆ. ಮಂಕಾಗಿ ಉಜ್ಜಿದ, ನೀರು ಹಾಳೆಯಂತೆ ಹರಡಿ ನಿಲ್ಲುವ ಮೈ ನನಗೆ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ. ಸಿಲಿಕೋನ್ ಇರುವ ಸ್ಪ್ರೇಗಳದ್ದು ಇನ್ನೊಂದು ತಾಪತ್ರಯ: ಮುಂದೆ ಎಂದಾದರೂ ಬಣ್ಣ ಹಚ್ಚಿದರೆ ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ಇನ್ನೆರಡು ನಂಬಿಕೆಗಳನ್ನೂ ಇಲ್ಲೇ ಮುಗಿಸೋಣ. ಗಾಲ್ಫ್ ಚೆಂಡಿನ ಗುಳಿಗಳು ಕೆಲಸ ಮಾಡುವುದು ಚೆಂಡು ದುಂಡಗಿರುವುದರಿಂದ. ಅದರ ಬೆನ್ನ ಹಿಂದೆ ಏಳುವ ದೊಡ್ಡ ಸುಳಿಯನ್ನು ಅವು ಕಿರಿದು ಮಾಡುತ್ತವೆ. ತೆಳು ರೆಕ್ಕೆಯ ಹಿಂದೆ ಅಂಥ ಸುಳಿ ಇಲ್ಲ, ಗುಳಿಯಿಂದ ಬರೀ ನಷ್ಟ. ಶಾರ್ಕ್ ಚರ್ಮದ ಸೂಕ್ಷ್ಮ ಏಣುಗಳ ವಿಷಯ ಸುಳ್ಳಲ್ಲ. 1987ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದಲ್ಲಿ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ದೋಣಿಯ ಒಡಲಿಗೆ ಅಂಥ ಹಾಳೆ ಅಂಟಿಸಿದ್ದರು. ಆದರೆ ಆ ಏಣುಗಳ ಅಂತರ ವೇಗಕ್ಕೆ ತಕ್ಕಂತೆ ಕರಾರುವಾಕ್ಕಾಗಿ ಇರಬೇಕು, ನಮ್ಮ ವೇಗಗಳಿಗೆ ಸುಮಾರು 40 ಮೈಕ್ರಾನ್. ಕಾಗದದಲ್ಲಿ ಉದ್ದುದ್ದ ಗೀರೆಳೆದು ಅದನ್ನು ಶಾರ್ಕ್ ಚರ್ಮ ಎನ್ನುವುದು ಆಸೆಯ ಮಾತು.

ಹಂತ 6: ಹಿಂದಿನ ಅಂಚು

ರೆಕ್ಕೆ ‘ಗುಂಯ್’ ಎಂದು ಹಾಡುತ್ತಿದೆಯೇ? ಬಹುಪಾಲು ಅದರ ಮೂಲ ಹಿಂದಿನ ಅಂಚು. ಅಲ್ಲಿಂದ ಮೇಲೊಂದು ಕೆಳಗೊಂದು ಸರದಿಯಲ್ಲಿ ಕಳಚಿಕೊಳ್ಳುವ ಸುಳಿಗಳ ತಾಳ ರೆಕ್ಕೆಯ ಸ್ವಂತ ಕಂಪನಕ್ಕೆ ಕೂಡಿದಾಗ ಸದ್ದು ಏಳುತ್ತದೆ. ಹಿಂದಿನ ಅಂಚನ್ನು ಒಂದೇ ಮುಖದಿಂದ ಸ್ವಲ್ಪ ಓರೆಯಾಗಿ ಪಿ240ರಲ್ಲಿ ಉಜ್ಜಿದರೆ ಮೇಲಿನ ಸುಳಿಗೂ ಕೆಳಗಿನ ಸುಳಿಗೂ ತಾಳ ತಪ್ಪುತ್ತದೆ. ಎಡಕ್ಕೂ ಬಲಕ್ಕೂ ಅದೇ ಮುಖ, ಅಷ್ಟೇ ಉಜ್ಜು. ಸ್ವಲ್ಪ ಉಜ್ಜಿ, ನೀರಿಗೆ ಹೋಗಿ ಕೇಳಿ, ಸಾಲದಿದ್ದರೆ ಮತ್ತೆ ಸ್ವಲ್ಪ. ಚಾಕುವಿನಷ್ಟು ಚೂಪು ಮಾಡಬೇಡಿ: ನೀರಿನಲ್ಲಿ ಬಿದ್ದಾಗ ಮೊದಲು ಕೊಯ್ಯುವುದು ನಿಮ್ಮ ಕಾಲನ್ನೇ.

ಹಂತ 7: ಜೋಡಣೆಗಳು

ರೆಕ್ಕೆ ಮತ್ತು ಫ್ಯೂಸಲಾಜ್ ಕೂಡುವ ಕಡೆ ಮೆಟ್ಟಿಲು ಇದ್ದರೆ, ತಿರುಪಿನ ತಲೆ ಗುಳಿಯಲ್ಲಿ ಕೂತಿದ್ದರೆ, ಅಲ್ಲೂ ಎಳೆತವಿದೆ. ಗುಳಿಗೆ ಮೆತ್ತನೆಯ ಜೇಡಿಯಂಥ ಪ್ಲಾಸ್ಟಿಸಿನ್ ತುಂಬಿ ಸಮ ಮಾಡಿದರೆ ಸಾಕು, ಬೇಕಾದಾಗ ತೆಗೆಯಲು ಬರುತ್ತದೆ. ಎಪಾಕ್ಸಿ ತುಂಬಿ ತಿರುಪನ್ನು ಹೂತುಹಾಕಬೇಡಿ. ಮಾಸ್ಟಿನ ಮುಂದಿನ ಅಂಚನ್ನೂ ಉಗುರಿನಿಂದ ಪರೀಕ್ಷಿಸಿ. ಅಲ್ಲಿನ ಕಚ್ಚು ನೀರಿನ ಮೇಲ್ಮೈಯಿಂದ ಗಾಳಿಯನ್ನು ಕೆಳಕ್ಕೆ ಎಳೆಯಲು ದಾರಿ ಮಾಡಿಕೊಡಬಹುದು.

ಹಂತ 8: ನೀರಿನಲ್ಲಿ ಪರೀಕ್ಷಿಸಿ

ಇಷ್ಟೆಲ್ಲ ಮಾಡಿದ ಮೇಲೆ ‘ಜಾಸ್ತಿ ಓಡುತ್ತಿದೆ’ ಎನಿಸುವುದು ಸಹಜ. ದುಡಿದವರ ಮನಸ್ಸು ಹಾಗೆಯೇ ಹೇಳುತ್ತದೆ. ಗಾಳಿ, ಅಲೆ, ನಿಮ್ಮ ಅಂದಿನ ಮೈಬಲ ಇವುಗಳ ವ್ಯತ್ಯಾಸವೇ ಉಜ್ಜಿದ್ದರ ಲಾಭವನ್ನು ನುಂಗಿಬಿಡಬಲ್ಲದು. ಹಾಗಾಗಿ ತಿರುಗುಮುರುಗಾದ ಒಂದು ಪರೀಕ್ಷೆ ಹೇಳುತ್ತೇನೆ: ಸುಧಾರಿಸಿದ್ದನ್ನು ಅಳೆಯುವ ಬದಲು, ಬೇಕೆಂದೇ ಕೆಡಿಸಿ ನೋಡಿ.

ಶಾಂತ ನೀರಿನಲ್ಲಿ ಒಂದಿಷ್ಟು ಹೊತ್ತು ಓಡಿಸಿ, ಜಿಪಿಎಸ್‌ನಲ್ಲಿ ವೇಗ ಗುರುತಿಸಿಕೊಳ್ಳಿ. ಪ್ರತಿ ಓಟವೂ ಹೋಗುತ್ತ ಬರುತ್ತ ಎರಡೂ ದಿಕ್ಕಿಗೆ ಇರಲಿ, ಪ್ರವಾಹದ ಪರಿಣಾಮ ಸರಿದೂಗುತ್ತದೆ. ದಡಕ್ಕೆ ಬಂದು, ರೆಕ್ಕೆಯ ಮೇಲ್ಮುಖದಲ್ಲಿ ಮುಂದಿನ ಅಂಚಿನಿಂದ 1 ಸೆಂಟಿಮೀಟರ್ ಹಿಂದೆ, ಎಡಬಲ ಎರಡೂ ಕಡೆ ಉದ್ದಕ್ಕೂ ಎಲೆಕ್ಟ್ರಿಕಲ್ ಟೇಪಿನ ಕಿರಿದಾದ ಪಟ್ಟಿ ಅಂಟಿಸಿ. ಆ ಟೇಪಿನ ದಪ್ಪ 0.13ರಿಂದ 0.18 ಮಿಲಿಮೀಟರ್, ಹರಿವನ್ನು ಅಲ್ಲೇ ಕದಡಲು ಬೇಕಾದಷ್ಟು. ಮತ್ತೆ ಓಡಿಸಿ. ಟೇಪ್ ಕಿತ್ತು ಮೂರನೆಯ ಬಾರಿ ಓಡಿಸಿ.

ಟೇಪ್ ಇದ್ದಾಗ ವ್ಯತ್ಯಾಸ ಎದ್ದು ಕಂಡರೆ ನಿಮ್ಮ ರೆಕ್ಕೆಯಲ್ಲಿ ಲ್ಯಾಮಿನಾರ್ ಹರಿವು ಇದೆ, ಮುಂದಿನ ಅಂಚನ್ನು ಕಾಪಾಡಿಕೊಳ್ಳುವ ಶ್ರಮ ಸಾರ್ಥಕ. ಏನೂ ಗೊತ್ತಾಗದಿದ್ದರೆ ಎರಡು ಸಾಧ್ಯತೆ: ಹರಿವು ಮೊದಲೇ ಕದಡಿದೆ, ಹಂತ 1ಕ್ಕೆ ಮರಳಿ ಟಾರ್ಚ್ ಹಿಡಿಯಿರಿ, ಅಥವಾ ನೀವು ಓಡಿಸುವ ವೇಗದಲ್ಲಿ ಘರ್ಷಣೆಗಿಂತ ಬೇರೆ ಎಳೆತಗಳೇ ದೊಡ್ಡವು. ನಿಧಾನದಲ್ಲಿ, ಎತ್ತುವ ಬಲ ಹುಟ್ಟಿಸಲು ರೆಕ್ಕೆಯ ತುದಿಗಳಲ್ಲಿ ಸುಳಿ ಏಳುವುದರಿಂದ ಬರುವ ಎಳೆತದ ಪಾಲೇ ಹೆಚ್ಚು. ಅದನ್ನು ಯಾವ ವಾಟರ್ ಪೇಪರೂ ತಗ್ಗಿಸದು.

ಒಂದು ಎಚ್ಚರಿಕೆ: ಟೇಪ್ ಇರುವಾಗ ರೆಕ್ಕೆ ಬೇಗ ಎತ್ತುವ ಬಲ ಕಳೆದುಕೊಳ್ಳಬಹುದು. ಬಿಗಿಯಾದ ತಿರುವು ಬೇಡ. ಒಂದೇ ಬದಿಗೆ ಅಂಟಿಸಿ ನೋಡುವ ಸಾಹಸವೂ ಬೇಡ, ಹಲಗೆ ಓರೆಗೆ ಎಳೆಯುತ್ತದೆ.

ಕ್ಯಾವಿಟೇಶನ್ ಬಗ್ಗೆಯೂ ಕೇಳುವವರಿದ್ದಾರೆ. ಒತ್ತಡ ತೀರಾ ಇಳಿದು ನೀರು ಇದ್ದಲ್ಲೇ ಆವಿಯಾಗುವುದಕ್ಕೆ ಆ ಹೆಸರು. ಒಳ್ಳೆಯ ಆಕಾರದ ರೆಕ್ಕೆಗೆ ಅದು ದೊಡ್ಡ ಸಮಸ್ಯೆಯಾಗುವುದು ಗಂಟೆಗೆ 80, 90 ಕಿಲೋಮೀಟರಿನ ಹತ್ತಿರ. ಮುಂದಿನ ಅಂಚಿನಲ್ಲಿ ಕಚ್ಚಿದ್ದರೆ ಅಲ್ಲಷ್ಟೇ ಬೇಗ ಶುರುವಾಗುತ್ತದೆ. ಸಾಮಾನ್ಯ ಸವಾರರು ಇದನ್ನು ಮರೆತುಬಿಡಬಹುದು.

ಹಂತ 9: ಹಾಗೇ ಉಳಿಸಿಕೊಳ್ಳಿ

ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮೆತ್ತನೆಯ ಚೀಲದಲ್ಲಿಡಿ. ಚೀಲದೊಳಗೆ ಮರಳು ಸೇರಿದ್ದರೆ ಅದೂ ಒಂದು ಉಪ್ಪುಕಾಗದವೇ, ಆಗಾಗ ಕೊಡವಿ. ರೆಕ್ಕೆಯನ್ನು ದಿನಗಟ್ಟಲೆ ನೀರಿನಲ್ಲೇ ಬಿಡಬೇಡಿ: ಕಣ್ಣಿಗೆ ಕಾಣದಷ್ಟು ತೆಳು ಲೋಳೆ ಕಟ್ಟಿದರೂ ನೀವು ಪಿ600ರಲ್ಲಿ ಗಳಿಸಿದ್ದು ಹೋಯಿತು. ಕಪ್ಪು ರೆಕ್ಕೆಯನ್ನು ಬಿಸಿಲಿನಲ್ಲಿ, ಮುಚ್ಚಿದ ಕಾರಿನಲ್ಲಿ ಇಡಬೇಡಿ. ಮನೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಎಪಾಕ್ಸಿಗಳು ಹಲವು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತವೆ, ನೀವು ಹಾಕಿದ ತೇಪೆಯೂ ಅದೇ ಜಾತಿಯದು. ನೀರಿಗೆ ಇಳಿಯುವ ಮುನ್ನ ಒಮ್ಮೆ ಉಗುರನ್ನು ಮುಂದಿನ ಅಂಚಿನುದ್ದಕ್ಕೂ ಎಳೆದುಬಿಡಿ. ಹೊಸ ಕಚ್ಚು ಸಿಕ್ಕಿದರೆ ಅದರ ಮೇಲೆ ಟೇಪ್ ಅಂಟಿಸಿ ಓಡಿಸಬೇಡಿ, ಹಂತ 8ರಲ್ಲಿ ಬೇಕೆಂದೇ ಮಾಡಿದ ಹಾಳನ್ನು ಮತ್ತೆ ಮಾಡಿದ ಹಾಗಾಗುತ್ತದೆ. ಸಂಜೆ ಮನೆಗೆ ಬಂದು ತುಂಬಿ.